ಪಕ್ಕದ ಮನೆಯ ಆಂಟಿ ಕೊಟ್ಟ ಹ್ವಾಂಗ್‌ಚೀ ಬೇರು: ಮನೆಮಂದಿಯೆಲ್ಲ ದಿನಾ ಕುಡಿಯಬಹುದಾ?

ಪ್ರಶ್ನೆ: ನಾವು ಸಿಂಗಪುರದಲ್ಲಿದ್ದೇವೆ. ಹಾಸನದಿಂದ ಅಮ್ಮ ಬಂದು ಎರಡು ತಿಂಗಳಾಯಿತು. ಅವರಿಗೆ 64 ವರ್ಷ. ಸಕ್ಕರೆ ಕಾಯಿಲೆಗೆ ಹತ್ತು ವರ್ಷದಿಂದ ಮೆಟ್‌ಫಾರ್ಮಿನ್ ತಗೊಳ್ಳುತ್ತಾರೆ, ಬಿಪಿ ಮಾತ್ರೆಯೂ ಇದೆ. ನಾವು ಸಸ್ಯಾಹಾರಿಗಳು. ಅಮ್ಮ ಯಾವಾಗಲೂ ಸುಸ್ತು ಅನ್ನುತ್ತಾರೆ. ಪಕ್ಕದ ಮನೆಯ ಚೀನೀ ಆಂಟಿ ಹ್ವಾಂಗ್‌ಚೀ ಅನ್ನುವ ಬೇರಿನ ಪ್ಯಾಕೆಟ್ ಕೊಟ್ಟರು. ಕುದಿಸಿ ಕುಡಿದರೆ ಶಕ್ತಿ ಬರುತ್ತದೆ, ಶೀತ ಹತ್ತಿರ ಸುಳಿಯುವುದಿಲ್ಲ ಅಂದರು. ಅಮ್ಮ, ನಾನು, ನನ್ನ ಗಂಡ, ಎಂಟು ವರ್ಷದ ಮಗ ಎಲ್ಲರೂ ದಿನಾ ಬೆಳಿಗ್ಗೆ ಕಷಾಯದ ಹಾಗೆ ಕುಡಿಯಬಹುದಾ? ಎಷ್ಟು ಹಾಕಬೇಕು? ಮೈಸೂರಿನಲ್ಲಿರುವ ನನ್ನ ಅಣ್ಣನಿಗೆ ಎರಡು ವರ್ಷದ ಹಿಂದೆ ಕಿಡ್ನಿ ಕಸಿ ಆಗಿದೆ. ಅವನಿಗೂ ಒಂದು ಪ್ಯಾಕೆಟ್ ಕಳಿಸಬೇಕು ಅಂತ ಅಮ್ಮನ ಆಸೆ.

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ತುರ್ತಿನ ವಿಷಯ ಇರುವುದು ಅಲ್ಲೇ. ಅಣ್ಣನಿಗೆ ಈ ಬೇರು ಕಳಿಸಬೇಡಿ. ಒಂದು ಚೂರೂ ಬೇಡ.

ಕಸಿ ಮಾಡಿದ ಕಿಡ್ನಿ ತನ್ನದಲ್ಲ ಅಂತ ಮೈಗೆ ಗೊತ್ತಾಗುತ್ತದೆ. ಸುಮ್ಮನೆ ಬಿಟ್ಟರೆ ಮೈಯ ರೋಗನಿರೋಧಕ ಶಕ್ತಿಯೇ ಅದರ ಮೇಲೆ ಬೀಳುತ್ತದೆ. ಹಾಗಾಗದಿರಲಿ ಅಂತಲೇ ಟ್ಯಾಕ್ರೊಲಿಮಸ್, ಮೈಕೋಫಿನೊಲೇಟ್, ಪ್ರೆಡ್ನಿಸೊಲೋನ್ ಥರದ ಮಾತ್ರೆ ಕೊಡುವುದು. ಆ ಶಕ್ತಿಯನ್ನು ತಗ್ಗಿಸಿ ಇಡುವುದೇ ಅವುಗಳ ಕೆಲಸ. ಹ್ವಾಂಗ್‌ಚೀ ಹೆಸರು ಮಾಡಿರುವುದು ಅದೇ ಶಕ್ತಿಯನ್ನು ಏರಿಸುತ್ತದೆ ಅಂತ. ಡಾಕ್ಟರು ಒಂದು ಕಡೆ ಎಳೆಯುವಾಗ ನಾವು ಇನ್ನೊಂದು ಕಡೆ ಎಳೆದ ಹಾಗಾಗುತ್ತದೆ. ಒಂದು ಲೋಟದಿಂದ ನಿಜವಾಗಿ ಎಷ್ಟು ಏರುತ್ತದೆ ಅನ್ನುವುದು ಬೇರೆ ಮಾತು. ಕಸಿಯಾದ ಕಿಡ್ನಿಯ ಮೇಲೆ ಅದನ್ನು ಪ್ರಯೋಗ ಮಾಡಿ ನೋಡಬಾರದು, ಅಷ್ಟೇ.

ಪ್ಯಾಕೆಟ್ ಆಗಲೇ ಹೋಗಿ ತಲುಪಿದ್ದು, ಅಣ್ಣ ನಾಲ್ಕು ದಿನ ಕುಡಿದಿದ್ದರೆ ಗಾಬರಿ ಬೇಡ. ನಿಲ್ಲಿಸಲಿ. ಮಾತ್ರೆಗಳನ್ನು ಮಾತ್ರ ಒಂದು ಹೊತ್ತೂ ತಪ್ಪಿಸದಿರಲಿ. ಕಿಡ್ನಿ ಡಾಕ್ಟರಿಗೆ ಫೋನ್ ಮಾಡಿ ಏನು ಕುಡಿದೆ, ಎಷ್ಟು ದಿನ ಕುಡಿದೆ ಅಂತ ಮುಚ್ಚಿಡದೆ ಹೇಳಲಿ. ಅಗತ್ಯ ಅನ್ನಿಸಿದರೆ ಅವರು ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ಕ್ರಿಯಾಟಿನಿನ್ ನೋಡುತ್ತಾರೆ, ರಕ್ತದಲ್ಲಿ ಮಾತ್ರೆಯ ಮಟ್ಟ ಎಷ್ಟಿದೆ ಅಂತಲೂ ನೋಡುತ್ತಾರೆ. ಅಮ್ಮನಿಗೆ ಬೇಜಾರಾಗಬಹುದು. ‘ಬೇರು ಕೆಟ್ಟದ್ದಲ್ಲಮ್ಮ, ಅಣ್ಣನ ಮಾತ್ರೆಗೂ ಅದಕ್ಕೂ ಆಗಿಬರುವುದಿಲ್ಲ’ ಅಂತ ಹೇಳಿ. ನಿಜವೂ ಅದೇ.

ಲೂಪಸ್, ರುಮಟಾಯ್ಡ್ ಆರ್ಥ್ರೈಟಿಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರಿಗೂ ಇದೇ ಮಾತು. ಅವರ ತೊಂದರೆ ರೋಗನಿರೋಧಕ ಶಕ್ತಿ ಕಡಿಮೆಯಾಗಿದ್ದಲ್ಲ, ಅದು ದಾರಿ ತಪ್ಪಿ ತಮ್ಮ ಮೈಯನ್ನೇ ಹೊಡೆಯುತ್ತಿರುವುದು. ಮಾನಸಿಕ ಕಾಯಿಲೆಗೆ ಲಿಥಿಯಂ ಮಾತ್ರೆ ತಗೊಳ್ಳುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು, ಬಸುರಿಯರು ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಈಗ ಅಮ್ಮನ ಸುಸ್ತು. ಇದನ್ನು ಬೇರಿನಿಂದ ಬಿಡಿಸಿಟ್ಟು ನೋಡಬೇಕು. ಹತ್ತು ವರ್ಷ ಮೆಟ್‌ಫಾರ್ಮಿನ್, ಜೊತೆಗೆ ಸಸ್ಯಾಹಾರ. ಇವೆರಡನ್ನೂ ಓದಿದ ಕೂಡಲೇ ನನಗೆ ನೆನಪಾಗಿದ್ದು ವಿಟಮಿನ್ ಬಿ12. ಈ ಮಾತ್ರೆಯನ್ನು ವರ್ಷಗಟ್ಟಲೆ ತಗೊಂಡರೆ ಕರುಳು ಬಿ12 ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಸಸ್ಯಾಹಾರಿಗಳಿಗೆ ಅದು ಸಿಗುವುದೇ ಹಾಲು, ಮೊಸರು, ಮಜ್ಜಿಗೆಯಿಂದ. ಬರುವುದೂ ಕಡಿಮೆ, ಹೀರುವುದೂ ಕಡಿಮೆ. ಸುಸ್ತು, ಪಾದ ಜುಮ್ಮೆನ್ನುವುದು, ಮರೆವು, ನಡೆಯುವಾಗ ತೂರಾಡಿದ ಹಾಗೆ ಆಗುವುದು, ಇವೆಲ್ಲ ಅದರಿಂದ ಬರಬಹುದು. ಪಾದ ಜುಮ್ಮೆಂದರೆ ‘ಸಕ್ಕರೆ ಕಾಯಿಲೆ ಅಲ್ವಾ, ಹಾಗೇ’ ಅಂತ ಮನೆಯವರು ತಳ್ಳಿಹಾಕುತ್ತಾರೆ. ಎಷ್ಟೋ ಸಲ ಅದು ಬಿ12 ಕೊರತೆ ಆಗಿರುತ್ತದೆ. ಹಿಡಿದುಬಿಟ್ಟರೆ ಮಾತ್ರೆ ಅಥವಾ ಇಂಜೆಕ್ಷನ್‌ನಲ್ಲಿ ಸರಿಹೋಗುತ್ತದೆ. ತುಂಬ ತಡವಾದರೆ ನರಕ್ಕೆ ಆದ ಪೆಟ್ಟು ಪೂರ್ತಿ ವಾಸಿಯಾಗದೆ ಉಳಿಯಲೂಬಹುದು.

ಆದ್ದರಿಂದ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಬಿ12, ಹಿಮೋಗ್ಲೋಬಿನ್, ಥೈರಾಯ್ಡ್, ಕ್ರಿಯಾಟಿನಿನ್, ಮೂರು ತಿಂಗಳ ಸಕ್ಕರೆ ಸರಾಸರಿ ತೋರಿಸುವ ಎಚ್‌ಬಿಎ1ಸಿ. ಅಲ್ಲಿ ಬಿ12 ಕಡಿಮೆ ಅಂತ ಬಂದರೆ ಜಗತ್ತಿನ ಯಾವ ಬೇರು ಕುದಿಸಿದರೂ ಆ ಸುಸ್ತು ಹೋಗುವುದಿಲ್ಲ. ನನಗೆ ಭಯ ಇರುವುದು ಬೇರಿನ ಬಗ್ಗೆ ಅಲ್ಲ. ಆರು ತಿಂಗಳು ಕಷಾಯ ಕುಡಿಯುತ್ತಾ, ‘ಸ್ವಲ್ಪ ಪರವಾಗಿಲ್ಲ’ ಅಂದುಕೊಳ್ಳುತ್ತಾ, ಪರೀಕ್ಷೆಯನ್ನು ಮುಂದೆ ಹಾಕುತ್ತಾ ಹೋಗುವುದರ ಬಗ್ಗೆ.

ಇನ್ನು ಬೇರಿಗೆ ಬರೋಣ. ಪ್ಯಾಕೆಟ್ ತೆರೆದು ಒಂದು ಚೂರು ಕೈಗೆ ತಗೊಳ್ಳಿ. ಓರೆಯಾಗಿ ಹೆಚ್ಚಿದ ತೆಳು ಬಿಲ್ಲೆ. ಅಂಚಿನಲ್ಲಿ ಕಂದು ಸಿಪ್ಪೆ, ಅದರ ಒಳಗೆ ಕೆನೆ ಬಣ್ಣದ ಬಳೆ, ನಡುವೆ ಹಳದಿ ತಿರುಳು. ತಿರುಳಿನಿಂದ ಗೆರೆಗಳು ಸೇವಂತಿಗೆ ಎಸಳಿನ ಹಾಗೆ ಹೊರಕ್ಕೆ ಹರಡಿರುತ್ತವೆ. ಚೀನೀ ವ್ಯಾಪಾರಿಗಳು ಇದನ್ನು ‘ಬಂಗಾರದ ಬಾವಿ, ಜೇಡ್ ಕಲ್ಲಿನ ಕಟಕಟೆ’ ಅನ್ನುತ್ತಾರೆ. ಬಗ್ಗಿಸಿದರೆ ಪಟ್ಟನೆ ಮುರಿಯದೆ ನಾರು ನಾರಾಗಿ ಬಿಡುತ್ತದೆ. ಅಗಿದು ನೋಡಿ. ಮೊದಲು ಸಣ್ಣ ಸಿಹಿ, ಆಮೇಲೆ ಹಸಿ ಬೇಳೆಯ ವಾಸನೆ. ಆ ವಾಸನೆ ಬರುವುದು ಸಹಜವೇ, ಇದು ನಮ್ಮ ತೊಗರಿ, ಕಡಲೆ, ಅವರೆಗಳ ಕುಟುಂಬಕ್ಕೇ ಸೇರಿದ ಗಿಡ.

ಗಿಡದ ಶಾಸ್ತ್ರೀಯ ಹೆಸರು ಆಸ್ಟ್ರಗಾಲಸ್ ಮಂಗೋಲಿಕಸ್. ಬೆಳೆಯುವುದು ಚಳಿ ನಾಡಿನಲ್ಲಿ: ಒಳ ಮಂಗೋಲಿಯಾ, ಶಾನ್‌ಶಿ, ಗಾನ್ಸು ಕಡೆ. ಶಾನ್‌ಶಿಯ ಹುನ್‌ಯುವಾನ್ ಸುತ್ತಿನ ಬೆಟ್ಟದ ಬೇರಿಗೆ ಹಳೆಯ ಹೆಸರಿದೆ. ವರ್ಷಗಟ್ಟಲೆ ಮಣ್ಣಲ್ಲಿ ಬಿಟ್ಟ ಬೇರಿಗೆ ಬೆಲೆ ಜಾಸ್ತಿ. ಸಿಂಗಪುರದಲ್ಲಿ ಇದನ್ನೇ ಬೇಯ್‌ಚೀ ಅಂತಲೂ ಕರೆಯುತ್ತಾರೆ. ಉತ್ತರದ ಚೀ ಅಂತ ಅರ್ಥ.

16ನೇ ಶತಮಾನದ ವೈದ್ಯ ಲೀ ಶಿಜೆನ್ ಈ ಹೆಸರನ್ನು ಬಿಡಿಸಿ ಹೇಳಿದ್ದಾನೆ. ‘ಹ್ವಾಂಗ್’ ಅಂದರೆ ಹಳದಿ. ‘ಚೀ’ ಅಂದರೆ ಹಿರಿಯ. ಶಕ್ತಿ ಕೊಡುವ ಮೂಲಿಕೆಗಳಿಗೆಲ್ಲ ಹಿರಿಯಣ್ಣ ಅಂತ. ಸುಮಾರು ಎರಡು ಸಾವಿರ ವರ್ಷ ಹಳೆಯದಾದ ಶೆನ್‌ನೊಂಗ್ ಹೆಸರಿನ ಮೂಲಿಕೆ ಗ್ರಂಥ 365 ಔಷಧಿಗಳನ್ನು ಮೂರು ದರ್ಜೆ ಮಾಡುತ್ತದೆ. ಹ್ವಾಂಗ್‌ಚೀಗೆ ಅಲ್ಲಿ ಮೇಲಿನ ದರ್ಜೆ. 11ನೇ ಶತಮಾನದ ಕವಿ ಸು ಶಿ ಕಾಯಿಲೆ ಬಿದ್ದಾಗ ಇದನ್ನು ಹಾಕಿ ಬೇಯಿಸಿದ ಗಂಜಿಯ ಬಗ್ಗೆ ಬರೆದಿದ್ದಾನೆ. ಗಂಜಿಯಲ್ಲಿ, ಸೂಪಿನಲ್ಲಿ ಇದಕ್ಕೆ ಜಾಗ ಇರುವುದು ಹೊಸ ಫ್ಯಾಷನ್ ಅಲ್ಲ. ಚೀನಾ ಸರ್ಕಾರ 2023ರ ನವೆಂಬರ್‌ನಲ್ಲಿ ಇದನ್ನು ‘ಆಹಾರವೂ ಹೌದು, ಔಷಧಿಯೂ ಹೌದು’ ಅನ್ನುವ ಪಟ್ಟಿಗೆ ಅಧಿಕೃತವಾಗಿ ಸೇರಿಸಿತು.

ಆದರೆ ಚೀನೀ ವೈದ್ಯರೂ ಇದನ್ನು ಎಲ್ಲರಿಗೂ, ಎಲ್ಲ ದಿನವೂ ಕೊಡುವುದಿಲ್ಲ. ಇದನ್ನು ನಮ್ಮವರು ಗಮನಿಸಬೇಕು. ಅವರ ಲೆಕ್ಕದಲ್ಲಿ ಮೈಯಲ್ಲಿ ಹರಿಯುವ ಚೈತನ್ಯ ‘ಚೀ’. ಅದರ ಒಂದು ಪಾಲು ಚರ್ಮದ ಹತ್ತಿರ ಕಾವಲುಗಾರನ ಹಾಗೆ ನಿಂತಿರುತ್ತದೆ. ಕಾವಲು ಸಡಿಲವಾದವರಿಗೆ ಸುಮ್ಮಸುಮ್ಮನೆ ಬೆವರು, ಪದೇ ಪದೇ ಶೀತ, ಮಾತಾಡಿದರೂ ಆಯಾಸ. ಅಂಥವರಿಗೆ ಹ್ವಾಂಗ್‌ಚೀ. ಇದಕ್ಕೆ ಬೈಜು, ಫಾಂಗ್‌ಫೆಂಗ್ ಅನ್ನುವ ಎರಡು ಬೇರು ಸೇರಿಸಿ ಮಾಡುವ ಒಂದು ಪುಡಿಗೆ ‘ಜೇಡ್ ಕಲ್ಲಿನ ಗಾಳಿಮರೆ’ ಅನ್ನುವ ಚಂದದ ಹೆಸರಿದೆ. (ಈ ‘ಚೀ’ಯೂ ಬೇರಿನ ಹೆಸರಿನ ‘ಚೀ’ಯೂ ಕನ್ನಡದಲ್ಲಿ ಒಂದೇ ಥರ ಕೇಳಿಸುತ್ತವೆ. ಚೀನೀ ಭಾಷೆಯಲ್ಲಿ ಎರಡೂ ಬೇರೆ ಬೇರೆ ಪದ.)

ಜ್ವರ ಬಂದಾಗ ಮಾತ್ರ ಅದೇ ವೈದ್ಯರು ಹ್ವಾಂಗ್‌ಚೀ ನಿಲ್ಲಿಸಿ ಅನ್ನುತ್ತಾರೆ. ಕಳ್ಳ ಒಳಗೆ ನುಗ್ಗಿದ ಮೇಲೆ ಬಾಗಿಲು ಭದ್ರ ಮಾಡಿದರೆ ಕಳ್ಳನೂ ಒಳಗೇ ಉಳಿಯುತ್ತಾನೆ ಅನ್ನುವುದು ಅವರ ಮಾತು. ನಮ್ಮ ಮನೆಗಳಲ್ಲಿ ನಡೆಯುವುದು ಇದಕ್ಕೆ ಉಲ್ಟಾ. ಶೀತ, ಜ್ವರ ಶುರುವಾದ ಕೂಡಲೇ ಶುಂಠಿ, ಮೆಣಸು ಹಾಕಿ ಕಷಾಯ ಇಡುವ ಅಭ್ಯಾಸ. ಅದೇ ಅಭ್ಯಾಸದಲ್ಲಿ ಹ್ವಾಂಗ್‌ಚೀ ಪಾತ್ರೆಗೆ ಹಾಕಬೇಡಿ. ಇದನ್ನು ಬಳಸುವ ಪರಂಪರೆಯೇ ಬೇಡ ಅನ್ನುವ ಹೊತ್ತು ಅದು.

ದೊಡ್ಡ ಪ್ರಮಾಣದ ಮಾತೂ ನಿಮ್ಮ ಕಿವಿಗೆ ಬೀಳಬಹುದು. ಚಿಂಗ್ ರಾಜವಂಶದ ಕಾಲದ ವೈದ್ಯ ವಾಂಗ್ ಚಿಂಗ್‌ರೆನ್ ಪಾರ್ಶ್ವವಾಯುವಿಗೆ ಬರೆದ ಔಷಧಿಯಲ್ಲಿ ಹ್ವಾಂಗ್‌ಚೀ ನಾಲ್ಕು ಲಿಯಾಂಗ್ ಇದೆ, ಈಗಿನ ಲೆಕ್ಕದಲ್ಲಿ ಸುಮಾರು 120 ಗ್ರಾಂ. ಅದು ರೋಗಿಯ ನಾಡಿ ಹಿಡಿದು, ಬೇರೆ ಆರು ಪದಾರ್ಥ ಸೇರಿಸಿ ಕೊಟ್ಟ ಔಷಧಿ. ಮನೆಯಲ್ಲಿ ಬೆಳಿಗ್ಗೆ ಕುಡಿಯುವ ನೀರಿಗೂ ಅದಕ್ಕೂ ಸಂಬಂಧ ಇಲ್ಲ.

ಆಧುನಿಕ ವಿಜ್ಞಾನ ಏನು ಹೇಳುತ್ತದೆ? ಬೇರಿನಲ್ಲಿ ಪಾಲಿಸ್ಯಾಕರೈಡ್, ಆಸ್ಟ್ರಗಾಲೊಸೈಡ್ ಅನ್ನುವ ಸಪೋನಿನ್, ಫ್ಲೇವನಾಯ್ಡ್ ಅನ್ನುವ ರಾಸಾಯನಿಕ ಅಂಶಗಳಿವೆ. ಪ್ರಯೋಗಶಾಲೆಯ ತಟ್ಟೆಯಲ್ಲಿ, ಇಲಿಗಳಲ್ಲಿ ಇವು ರೋಗನಿರೋಧಕ ಕಣಗಳನ್ನು ಚುರುಕು ಮಾಡುವುದು ಕಂಡಿದೆ. ಮನುಷ್ಯರ ವಿಷಯಕ್ಕೆ ಬಂದರೆ ದನಿ ತಗ್ಗಿಸಬೇಕಾಗುತ್ತದೆ. ಅಧ್ಯಯನಗಳು ಬೇಕಾದಷ್ಟಿವೆ, ಆದರೆ ಹೆಚ್ಚಿನವು ಚಿಕ್ಕವು, ನಡೆಸಿದ ರೀತಿಯಲ್ಲೂ ಕೊರತೆಗಳಿವೆ. ಕಿಡ್ನಿ ಕಾಯಿಲೆಗೆ ಹ್ವಾಂಗ್‌ಚೀ ಕೊಟ್ಟ ಅಧ್ಯಯನಗಳನ್ನು, ವೈದ್ಯಕೀಯ ಸಾಕ್ಷ್ಯ ಪರಿಶೀಲಿಸುವ ಕೊಕ್ರೇನ್ ಸಂಸ್ಥೆ 2014ರಲ್ಲಿ ಒಟ್ಟಿಗೆ ಇಟ್ಟು ತೂಗಿ ನೋಡಿತು. ಒಂದಿಷ್ಟು ಆಶಾದಾಯಕ ಸೂಚನೆ ಸಿಕ್ಕಿತು, ಆದರೆ ಸಾಕ್ಷ್ಯದ ಗುಣಮಟ್ಟ ಕಡಿಮೆ ಅಂತ ಹೇಳಿತು. ಇನ್ನೊಂದು ಮಾತು. ಚೀನಾದ ಆಸ್ಪತ್ರೆಗಳಲ್ಲಿ ಹ್ವಾಂಗ್‌ಚೀ ಸಾರವನ್ನು ಇಂಜೆಕ್ಷನ್ ಆಗಿಯೂ ಕೊಡುತ್ತಾರೆ, ಎಷ್ಟೋ ಅಧ್ಯಯನಗಳು ಅದರ ಮೇಲೆ ನಡೆದವು. ರಕ್ತನಾಳಕ್ಕೆ ಕೊಟ್ಟಿದ್ದರ ಫಲಿತಾಂಶ ತಂದು ನಮ್ಮ ಲೋಟಕ್ಕೆ ಅಂಟಿಸುವ ಹಾಗಿಲ್ಲ.

ಹಾಗಂತ ಹಳಬರ ಅನುಭವವನ್ನು ನಾನು ಹಗುರ ಮಾಡುವುದಿಲ್ಲ. ಒಂದು ಉದಾಹರಣೆ ನನಗೆ ತುಂಬ ಇಷ್ಟ. 13ನೇ ಶತಮಾನದ ವೈದ್ಯ ಲೀ ದೋಂಗ್‌ಯುವಾನ್ ಎರಡೇ ಬೇರಿನ ಒಂದು ಕಷಾಯ ಹೇಳಿದ್ದಾನೆ: ಐದು ಪಾಲು ಹ್ವಾಂಗ್‌ಚೀ, ಒಂದು ಪಾಲು ದಾಂಗ್‌ಗ್ವಿ. ಯಾಕೆ ಐದಕ್ಕೆ ಒಂದು? ಹಾಂಗ್‌ಕಾಂಗ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದವರು ಬೇರೆ ಬೇರೆ ಅಳತೆಯಲ್ಲಿ ಕುದಿಸಿ ಅಳೆದು ನೋಡಿದರು. ಐದಕ್ಕೆ ಒಂದರ ಅಳತೆಯಲ್ಲೇ ಬೇಕಾದ ಅಂಶಗಳು ನೀರಿಗೆ ಚೆನ್ನಾಗಿ ಇಳಿದಿದ್ದವು. ತಕ್ಕಡಿ, ಬೆಂಕಿ, ತಾಳ್ಮೆ ಬಿಟ್ಟರೆ ಬೇರೆ ಉಪಕರಣ ಇಲ್ಲದವರು ಕಂಡುಕೊಂಡ ಅಳತೆ ಅದು. ಆ ಅಳತೆಗೆ ನಾವೂ ಗೌರವ ಕೊಡಬೇಕು ಅನ್ನುವುದು ನನ್ನ ಆಸೆ. ಹೆಸರು ಮಾತ್ರ ತಗೊಂಡು ಅಳತೆ ಬಿಟ್ಟರೆ ಅದು ಅವರ ವಿದ್ಯೆಯಲ್ಲ. (ನೀವು ಈ ಕಷಾಯ ಮಾಡಲು ಹೋಗಬೇಡಿ. ದಾಂಗ್‌ಗ್ವಿ ರಕ್ತ ತೆಳು ಮಾಡುವ ವಾರ್ಫರಿನ್ ಜೊತೆ ತಕರಾರು ಮಾಡುತ್ತದೆ. ಅದು ವೈದ್ಯರ ಕೈಯಲ್ಲೇ ಇರಲಿ.)

ಹಾಗಾದರೆ ನಿಮ್ಮ ಮನೆಯಲ್ಲಿ ಯಾರು, ಎಷ್ಟು?

ನೀವು ಮತ್ತು ನಿಮ್ಮ ಯಜಮಾನರು: ಯಾವ ಕಾಯಿಲೆಯೂ ಇಲ್ಲ, ಯಾವ ಮಾತ್ರೆಯೂ ಇಲ್ಲ, ನೀವು ಬಸುರಿ ಅಲ್ಲ ಅಂತಾದರೆ ವಾರಕ್ಕೆ ಎರಡು ಮೂರು ದಿನ ಕುಡಿಯಬಹುದು. ಚೀನಾದ ಅಧಿಕೃತ ಔಷಧಿ ಗ್ರಂಥ ಹೇಳುವ ಪ್ರಮಾಣ ಒಬ್ಬರಿಗೆ ದಿನಕ್ಕೆ 9ರಿಂದ 30 ಗ್ರಾಂ. ಮನೆ ಬಳಕೆಗೆ ಕೆಳಗಿನ ತುದಿಯಲ್ಲೇ, 10 ಗ್ರಾಂ ಒಳಗೇ ಇರಿ. ‘ಒಂದು ಹಿಡಿ’ ಅನ್ನಬೇಡಿ, ಬಿಲ್ಲೆಗಳು ಒಂದೊಂದು ಒಂದೊಂದು ದಪ್ಪ. ಅಡುಗೆಮನೆ ತಕ್ಕಡಿಯಲ್ಲಿ ಒಂದು ಸಲ ತೂಗಿ ನೋಡಿದರೆ ಕಣ್ಣಿಗೆ ಅಂದಾಜು ಸಿಗುತ್ತದೆ. ಮೈ ತುರಿಕೆ, ದದ್ದು, ಹೊಟ್ಟೆ ಕೆಡುವುದು ಕಂಡರೆ ಅಲ್ಲಿಗೇ ನಿಲ್ಲಿಸಿ.

ಮಗ: ಅವನಿಗೆ ಬೇಡ. ಎಂಟು ವರ್ಷದ ಆರೋಗ್ಯವಂತ ಹುಡುಗನಿಗೆ ದಿನಾ ಶಕ್ತಿಯ ಔಷಧಿ ಯಾಕೆ? ಮನೆಯಲ್ಲಿ ಸೂಪ್ ಮಾಡಿದ ದಿನ ನಾಲ್ಕು ಚಮಚ ಕುಡಿದರೆ ಏನೂ ಆಗುವುದಿಲ್ಲ.

ಅಮ್ಮ: ಪರೀಕ್ಷೆಯ ಫಲಿತಾಂಶ ಬರುವ ತನಕ ಬೇಡ. ಬಂದ ಮೇಲೆ ಅವರ ಡಾಕ್ಟರಿಗೆ ಪ್ಯಾಕೆಟ್ಟನ್ನೇ ತೋರಿಸಿ ಕೇಳಿ. ಹ್ವಾಂಗ್‌ಚೀ ಸಕ್ಕರೆ ಮತ್ತು ಬಿಪಿ ಎರಡನ್ನೂ ಸ್ವಲ್ಪ ಇಳಿಸಬಹುದು. ಮಾತ್ರೆಯೂ ಇಳಿಸುತ್ತದೆ, ಇದೂ ಇಳಿಸಿದರೆ ಎದ್ದು ನಿಂತಾಗ ತಲೆ ಸುತ್ತಬಹುದು. ಕಿಡ್ನಿ ಸರಿಯಿದೆ, ಕುಡಿಯಲಿ ಅಂತ ಅವರು ಹೇಳಿದರೆ ವಾರಕ್ಕೆ ಎರಡು ದಿನದಿಂದ ಶುರು ಮಾಡಿ. ಮೊದಲ ಎರಡು ವಾರ ಸಕ್ಕರೆ, ಬಿಪಿ ನೋಡಿ ಒಂದು ಹಾಳೆಯಲ್ಲಿ ಬರೆದಿಡಿ. ಸಿಂಗಪುರದಲ್ಲಿ ನಿಮಗೆ ಇನ್ನೊಂದು ಅನುಕೂಲ ಇದೆ. ಅಲ್ಲಿ ಚೀನೀ ವೈದ್ಯರು ಸರ್ಕಾರದ ಮಂಡಳಿಯಲ್ಲಿ ನೋಂದಣಿ ಆಗಿರಲೇಬೇಕು. ಬಳಸುವ ಮನಸ್ಸಿದ್ದರೆ ಅಂಥ ಒಬ್ಬರಿಗೆ ಅಮ್ಮನ ಮಾತ್ರೆಗಳ ಪಟ್ಟಿ ಕೊಟ್ಟು ಒಂದು ಸಲ ತೋರಿಸಿ.

ಮಾಡುವ ರೀತಿ ಸುಲಭ. ಬಿಲ್ಲೆಗಳನ್ನು ತೊಳೆದು ಅರ್ಧ ಗಂಟೆ ನೆನೆಸಿ. ಒಬ್ಬರಿಗೆ ಎರಡು ಲೋಟ ನೀರು. ಸ್ಟೀಲ್ ಅಥವಾ ಮಣ್ಣಿನ ಪಾತ್ರೆ ಸಾಕು. ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ, ಮುಚ್ಚಿ, 30ರಿಂದ 40 ನಿಮಿಷ ಬಿಡಿ. ನೀರು ತೆಳು ಹೊಂಬಣ್ಣಕ್ಕೆ ತಿರುಗುತ್ತದೆ, ಮನೆಯಲ್ಲಿ ಬೇಳೆ ಬೇಯಿಸಿದ ವಾಸನೆ. ಸೋಸಿ ಕುಡಿಯಿರಿ. ಬಿಲ್ಲೆ ತಿನ್ನಲು ಆಗುವುದಿಲ್ಲ, ನುಗ್ಗೆಕಾಯಿ ಸಿಪ್ಪೆಯ ಹಾಗೆ ನಾರು. ಬರೀ ಬಿಸಿನೀರು ಸುರಿದು ಟೀ ಥರ ಐದು ನಿಮಿಷ ಇಟ್ಟರೆ ಬಣ್ಣ ಬರುತ್ತದೆ, ಬೇರಿನ ಸಾರ ಹೆಚ್ಚು ಇಳಿಯುವುದಿಲ್ಲ.

ಆಂಟಿ ಕೆಂಪು ಖರ್ಜೂರದಂಥ ಹಣ್ಣು, ಕಿತ್ತಳೆ ಬಣ್ಣದ ಗೋಜಿ ಹಣ್ಣು ಸೇರಿಸಿ ಅಂದಿರಬಹುದು. ಅವರ ಮನೆಗಳಲ್ಲಿ ಹಾಗೇ ಮಾಡುವುದು, ರುಚಿಯೂ ಚೆನ್ನ. ಅಮ್ಮನ ಪಾಲಿಗೆ ಕೆಂಪು ಹಣ್ಣು ಬಿಡಿ, ಸಕ್ಕರೆ ಅಂಶ ಜಾಸ್ತಿ. ಗೋಜಿ ಬಗ್ಗೆಯೂ ಒಂದು ಎಚ್ಚರ: ಮನೆಯಲ್ಲಿ ಯಾರಾದರೂ ವಾರ್ಫರಿನ್ ತಗೊಳ್ಳುತ್ತಿದ್ದರೆ ಅವರಿಗೆ ಅದನ್ನು ಕೊಡಬೇಡಿ. ಎರಡೂ ಸೇರಿ ರಕ್ತಸ್ರಾವದ ಅಪಾಯ ಏರಿದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ.

ಕೊಳ್ಳುವಾಗ ತುಂಬ ಬೆಳ್ಳಗೆ ಹೊಳೆಯುವ ಬಿಲ್ಲೆ ಆರಿಸಬೇಡಿ. ಹುಳ ಬೀಳದಿರಲಿ, ಬಣ್ಣ ಉಳಿಯಲಿ ಅಂತ ಗಂಧಕದ ಹೊಗೆ ಹಾಕುವ ಅಭ್ಯಾಸ ಇದೆ. ಮೂಗಿಗೆ ಹುಳಿ ಘಾಟು ಹೊಡೆದರೆ ಬಿಟ್ಟುಬಿಡಿ.

ಅಮೆರಿಕದಲ್ಲಿರುವ ನಮ್ಮವರಿಗೂ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆಸ್ಟ್ರಗಾಲಸ್ ಅನ್ನುವುದು ಸುಮಾರು 3000 ಜಾತಿಗಳಿರುವ ದೊಡ್ಡ ಬಳಗ. ಅಮೆರಿಕದ ಪಶ್ಚಿಮದ ಬಯಲುಗಳಲ್ಲಿ ಬೆಳೆಯುವ ಕೆಲವು ಜಾತಿಗಳನ್ನು ‘ಲೋಕೋವೀಡ್’ ಅನ್ನುತ್ತಾರೆ. ಅವುಗಳನ್ನು ಮೇಯ್ದ ದನ, ಕುದುರೆಗಳಿಗೆ ಹುಚ್ಚು ಹಿಡಿದ ಹಾಗಾಗುತ್ತದೆ. ಬಳಗದ ಹೆಸರು ನೋಡಿ ಕಾಡಿನಲ್ಲಿ ಕಂಡ ಗಿಡ ಕೀಳಬೇಡಿ.

ಇನ್ನು ಕ್ಯಾಪ್ಸೂಲ್. ಬೇರಿನಿಂದ ಒಂದೇ ಅಂಶ ಬೇರ್ಪಡಿಸಿ, ವಯಸ್ಸಾಗುವುದನ್ನೇ ತಡೆಯುತ್ತದೆ ಅಂತ ಮಾರುವವರಿದ್ದಾರೆ. ಅಂಥ ಒಂದು ಕಂಪನಿಯ ಜಾಹೀರಾತಿಗೆ ಸಾಕಷ್ಟು ಆಧಾರ ಇಲ್ಲ ಅಂತ ಗ್ರಾಹಕರಿಗೆ ಮೋಸವಾಗದಂತೆ ನೋಡುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲಿ ಕ್ರಮ ತಗೊಂಡಿತು. ಆ ದುಡ್ಡಿಗೆ ಅಮ್ಮನ ರಕ್ತ ಪರೀಕ್ಷೆ ಎಷ್ಟೋ ಸಲ ಆಗುತ್ತದೆ.

ಆಂಟಿಗೆ ಏನು ಹೇಳುವುದು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅವರು ಪ್ರೀತಿಯಿಂದ ಕೊಟ್ಟಿದ್ದು. ಅವರ ಮನೆಯಲ್ಲಿ ಇದರ ಸೂಪ್ ಹೇಗೆ ಮಾಡುತ್ತಾರೆ ಅಂತ ಕೇಳಿ. ಬಹುಶಃ ಕೋಳಿ ಹಾಕುತ್ತಾರೆ. ನಿಮ್ಮ ಅಡುಗೆಗೆ ಒಣ ಅಣಬೆ, ಕ್ಯಾರೆಟ್, ಒಂದು ಹಿಡಿ ನೆನೆಸಿದ ಕಡಲೆಬೀಜ ಹಾಕಿ ಸಣ್ಣ ಉರಿಯಲ್ಲಿ ಒಂದು ಗಂಟೆ ಬೇಯಿಸಿ, ಕೊನೆಗೆ ಉಪ್ಪು, ಶುಂಠಿ ಹಾಕಿದರೆ ಒಳ್ಳೆಯ ಸೂಪ್ ಆಗುತ್ತದೆ. ಮಿಕ್ಕ ಬೇರನ್ನು ಗಾಳಿಯಾಡದ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ. ನಿಮ್ಮ ಊರಿನ ತೇವಕ್ಕೆ ಹೊರಗಿಟ್ಟರೆ ಬೇಗ ಹುಳ ಬೀಳುತ್ತದೆ. ಅಮ್ಮನ ಬಿ12 ಫಲಿತಾಂಶ ಬಂದ ಮೇಲೆ ನನಗೆ ಬರೆಯಿರಿ. ಅವರು ತಗೊಳ್ಳುವ ಎಲ್ಲ ಮಾತ್ರೆಗಳ ಹೆಸರೂ ಜೊತೆಗಿರಲಿ.